ಟೀ ಮುಗಿಯುವವರೆಗೆ

ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು. ಮೇಲೆ ಹೋದ ಯಾರೇ ‘ಬೇಡ’ ಅಂದರೂ ಪೈಲಟ್ ವಾಪಸ್ ಇಳಿಸಬೇಕು. ಇಳಿದವರು ಟೀ ಕುಡಿದು ಮುಗಿಸುವವರೆಗೆ ಯಾಕೆ ಅಂತ ಯಾರೂ ಕೇಳುವ ಹಾಗಿಲ್ಲ.

ಅವತ್ತು ಹಿಂದಿನ ಸೀಟಿನಲ್ಲಿ ಅಳತೆ ನೋಡುತ್ತಿದ್ದವಳು ನಾನು. ವೇಗ ಏರುತ್ತಿದ್ದಂತೆ ಕಾಲಡಿಯಲ್ಲಿ ಯಾವತ್ತೂ ಇಲ್ಲದ ನಡುಕ. ಪರದೆಯಲ್ಲಿ ಎಲ್ಲ ಸರಿಯಾಗೇ ಇತ್ತು. ಆದರೂ “ಬೇಡ ಸಾರ್” ಅಂದೆ. ಪೈಲಟ್ “ಸರಿ” ಅಂದು ತಿರುಗಿಸಿದರು.

ಕ್ಯಾಂಟೀನಿಗೇ ಬಂದರು ಮ್ಯಾನೇಜರ್. “ಹಾರಾಟ ನೋಡೋಕೆ ಡೆಲ್ಲಿಯಿಂದ ಬಂದವರನ್ನ ಮಾರತ್ತಹಳ್ಳಿ ಟ್ರಾಫಿಕ್ ದಾಟಿಸಿ ಕರ್ಕೊಂಡ್ಬಂದಿದ್ದು ಇದಕ್ಕಾ? ಏನಮ್ಮಾ ಆಯ್ತು ನಿಂಗೆ?”

“ಟೀ ಕುಡೀತಿದ್ದೀನಿ ಸಾರ್.”

“ಲೋಟ ಖಾಲಿ ಆಯ್ತಲ್ಲ, ಈಗ ಹೇಳು.”

ಪಕ್ಕದಲ್ಲಿ ಕೂತಿದ್ದ ಪೈಲಟ್ ತಮ್ಮ ಟೀಯಲ್ಲಿ ಅರ್ಧ ನನ್ನ ಲೋಟಕ್ಕೆ ಬಗ್ಗಿಸಿದರು. ನಾನು ನಿಧಾನವಾಗಿ ಕುಡಿದೆ.

ಮೆಕ್ಯಾನಿಕ್‌ಗಳು ವಿಮಾನ ಬಿಚ್ಚಿ ನೋಡಿದರೂ ಏನೂ ಸಿಗಲಿಲ್ಲ. ಮರುದಿನ ಅದನ್ನು ಹೇಳೋಕೆ ಮ್ಯಾನೇಜರ್ ನಗುತ್ತಾ ಕ್ಯಾಂಟೀನಿಗೆ ಬಂದರು.

“ನಾಳೆಯೂ ನಡುಗಿದ್ರೆ ಬೇಡ ಅಂತೀನಿ ಸಾರ್. ಇಲ್ಲಾಂದ್ರೆ ನನ್ನ ಸೀಟಲ್ಲಿ ನೀವೇ ಕೂತ್ಕೊಂಡು ಹೋಗ್ಬನ್ನಿ. ಹೋಗ್ತೀರಾ?”

ಅವರು ಕುರ್ಚಿ ಎಳೆದುಕೊಂಡು ಕೂತು ಒಂದು ಟೀ ಹೇಳಿದರು.