ಪುಂಜಾಲಕಟ್ಟೆಯ ಹೊರೆಗಲ್ಲು

ಪುಂಜಾಲಕಟ್ಟೆಯ ಹೊಸ ಬಸ್ ತಂಗುದಾಣಕ್ಕೆ ನೀಲಿ ಬಣ್ಣ ಬಳಿದಿದ್ದರು. ಕಂಬದ ತುದಿಗೆ ಸಿಮೆಂಟಿನ ತಾವರೆ, ಒಳಗೋಡೆಗೆ ಮೂಡುಬಿದಿರೆಯ ಶೇಖರ ಬರೆದ ಸಾವಿರ ಕಂಬದ ಬಸದಿಯ ಚಿತ್ರ, ಎದುರಿಗೆ ಎರಡು ಸಿಂಹ. ಸಿಂಹಗಳ ಮುಖ ಹೊಟ್ಟೆನೋವು ಬಂದ ನಾಯಿಗಳ ಹಾಗಿತ್ತು, ಅದು ಬೇರೆ ಮಾತು. ೧೯೬೨ರ ಆ ಬೇಸಗೆಯಲ್ಲಿ ಇಂಥ ಕಟ್ಟಡ ಬಂಟ್ವಾಳದಲ್ಲೂ ಇಲ್ಲ ಎಂದು ಊರವರು ಬೀಗುತ್ತಿದ್ದರು.

ಉದ್ಘಾಟನೆಯ ದಿನವೇ ಬೆಳ್ತಂಗಡಿಯ ಸಂತೆ. ಕುಂಬಾರರ ಅಮ್ಮಣಿ ಮಡಕೆಯ ಬುಟ್ಟಿ ಹೊತ್ತು ತಿರುವಿಗೆ ಬಂದಳು. ಮದುವೆಯಾಗಿ ಬಂದ ವರ್ಷದಿಂದ ಅವಳು ಈ ದಾರಿಯಲ್ಲಿ ನಡೆದವಳು. ಗಂಡ ತೀರಿಕೊಂಡ ಮೇಲೆ ಮನೆಯ ಗಂಜಿಯೂ ಆ ಬುಟ್ಟಿಯಿಂದಲೇ. ತಾವರೆ, ಸಿಂಹ ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ. ಅವಳು ಹುಡುಕಿದ್ದು ಹೊರೆಗಲ್ಲನ್ನು. ಅದು ಅಲ್ಲಿರಲಿಲ್ಲ.

ನೆಟ್ಟ ಕಲ್ಲು ಎರಡು, ಅವುಗಳ ಮೇಲೆ ತಲೆಯೆತ್ತರಕ್ಕೆ ಒಂದು ಅಡ್ಡ ಚಪ್ಪಡಿ, ಇಷ್ಟೇ ಹೊರೆಗಲ್ಲು. ಹೊತ್ತು ಬಂದವರು ಯಾರ ಹಂಗೂ ಇಲ್ಲದೆ ಅದರ ಮೇಲೆ ಹೊರೆ ಜಾರಿಸಿ, ನೀರು ಕುಡಿದು, ಮತ್ತೆ ತಲೆ ಕೊಟ್ಟು ಹೊರಡಬಹುದು. ಮಡಕೆಯ ಬುಟ್ಟಿಯನ್ನು ಒಬ್ಬಳೇ ನೆಲಕ್ಕಿಳಿಸಲು ಹೋದರೆ ಚೂರು ಮಾರಬೇಕಾದೀತು. ಬಸ್ಸಿನವರಂತೂ ಮಡಕೆ ಕಂಡ ಕೂಡಲೇ, "ಒಡೆದರೆ ನಮ್ಮನ್ನು ಕೇಳಬೇಡಿ" ಎಂದು ಹತ್ತಿಸದೆ ಸೀಟಿ ಊದಿಬಿಡುತ್ತಿದ್ದರು.

ಆ ಕಲ್ಲು ನಿಲ್ಲಿಸಿದವಳು ಅಮ್ಮಣಿಯ ಅತ್ತೆ ಸೇಸಮ್ಮ. ಅವಳ ಬಸುರಿ ಮಗಳು ಹೊರೆ ಇಳಿಸಲು ಜಾಗ ಸಿಗದೆ ಇದೇ ತಿರುವಿನಲ್ಲಿ ಕುಸಿದು ಪ್ರಾಣ ಬಿಟ್ಟಿದ್ದಳು. ಇನ್ನೊಬ್ಬಳಿಗೆ ಹೀಗಾಗುವುದು ಬೇಡವೆಂದು ಸೇಸಮ್ಮ ಕಿವಿಯ ಓಲೆ ಬಿಚ್ಚಿ ಕಲ್ಲುಕುಟಿಗನ ಕೈಗಿಟ್ಟಳು. ಕಲ್ಲಿನ ಮೇಲೆ ಸತ್ತವಳ ಹೆಸರೂ ಇರಲಿಲ್ಲ, ಕೊಟ್ಟವಳ ಹೆಸರೂ ಇರಲಿಲ್ಲ.

ಈಗ ಹೆಸರು ಬಂದಿತ್ತು. ಮಡಕೆಗಳ ತಳ ಉಜ್ಜಿ ಉಜ್ಜಿ ನುಣುಪಾದ ಅದೇ ಚಪ್ಪಡಿಯನ್ನು ತಂಗುದಾಣದ ಗೋಡೆಗೆ ಕೂರಿಸಿ, ಅಕ್ಷರ ಕೆತ್ತಿಸಿ, ಚಿನ್ನದ ಬಣ್ಣ ತುಂಬಿಸಿದ್ದರು. ಓದು ಬಾರದ ಅಮ್ಮಣಿಗೆ ಜವಳಿ ಅಂಗಡಿಯ ಆಳು ಜತ್ತಪ್ಪ ಓದಿ ಹೇಳಿದ: "ದಾನಿಗಳು, ಮುಂಡಪ್ಪ ಶೆಟ್ಟಿ."

ದಾನಿಯಂತೆ ದಾನಿ! ಹೊರೆ ಹೊತ್ತೇ ಅಮ್ಮಣಿ ಸಭೆಯ ಕುರ್ಚಿಗಳ ನಡುವೆ ನುಗ್ಗಿದಳು.

"ಯಾರನ್ನು ಕೇಳಿ ಕಲ್ಲು ಕಿತ್ತದ್ದು ಶೆಟ್ರೇ?"

ತಂಗುದಾಣಕ್ಕೆ ದುಡ್ಡು ಕೊಟ್ಟ ಜವಳಿ ಅಂಗಡಿಯ ಧಣಿ ಮುಂಡಪ್ಪ ಶೆಟ್ಟರು ಬಿಳಿ ಜುಬ್ಬ ತೊಟ್ಟು ಮೈಕಿನ ಎದುರು ನಿಂತಿದ್ದರು. "ಹಳೆ ಕಲ್ಲು ಎದುರಲ್ಲಿದ್ದರೆ ಚಂದ ಕೆಡ್ತದೆ ಅಮ್ಮಣೀ. ಕಲ್ಲು ಯಾಕೆ, ನಾನಿಲ್ಲವಾ? ಹೊರೆ ಇಳಿಸ್ಲಿಕ್ಕೆ ಯಾರು ಬಂದರೂ ನಾನು ಕೈ ಕೊಡ್ತೇನೆ!"

ಜನ ಚಪ್ಪಾಳೆ ತಟ್ಟಿದರು. ಶೆಟ್ಟರು ಎಡವಿದ್ದೇ ಅಲ್ಲಿ. ಹೊರೆ ಹೊತ್ತವರು ಕೈ ಕೇಳಿದರೆ ಊಟದ ಎಲೆಯ ಮುಂದಿದ್ದರೂ ಎದ್ದು ಬರಬೇಕು, ಜಾತಿ ಅಂತಸ್ತು ನೋಡುವ ಹಾಗಿಲ್ಲ, ಇದು ಆ ದಾರಿಯ ಕಟ್ಟಳೆ. ಅದರ ಮೇಲೆ ಮೈಕಿನಲ್ಲಿ ಮಾತು ಬೇರೆ ಕೊಟ್ಟಾಗಿತ್ತು.

"ಹಾಗಾದರೆ ಕೊಡಿ. ಕುತ್ತಿಗೆ ಹೋಗ್ತಾ ಉಂಟು," ಎಂದಳು ಅಮ್ಮಣಿ.

ಶೆಟ್ಟರು ಪೆಚ್ಚುಮೋರೆ ಹಾಕಿ ಕೆಳಗಿಳಿದು ಬಂದರು. ಹೊರೆ ಇಳಿಸುವಾಗ ಬುಟ್ಟಿಯ ಮಸಿ ಜುಬ್ಬಕ್ಕೆ ಹತ್ತಿತು. ಅವಳು ನಿಧಾನಕ್ಕೆ ನೀರು ಕುಡಿದು, ಎಲೆ ಅಡಿಕೆ ಹಾಕಿ, "ಇನ್ನು ಎತ್ತಿ ಕೊಡಿ," ಎಂದಳು.

ಮುಂದಿನ ಸಂತೆಗೆ ಅವಳು ನೇರ ಜವಳಿ ಅಂಗಡಿಯ ಮೆಟ್ಟಿಲಿಗೇ ಬಂದು ನಿಂತಳು. ಹಿಂದೆ ಒಣಮೀನಿನ ಬುಟ್ಟಿಯ ಜುಲೈಕಾ, ಅವಳ ಹಿಂದೆ ಸೌದೆಯ ಹೆಂಗಸರು. ಜತ್ತಪ್ಪ ಕೈ ಕೊಡಲು ಏಳಹೊರಟ.

"ನೀನು ಕೂತುಕೊ ಮಾರಾಯ. ಮೈಕಿನಲ್ಲಿ ಹೇಳಿದ್ದು ನಿನ್ನ ಧಣಿ," ಎಂದಳು ಅಮ್ಮಣಿ.

ಸೀರೆ ನೋಡುತ್ತಿದ್ದ ಗಿರಾಕಿಗಳು ಮೂಗು ಮುಚ್ಚಿ ನಕ್ಕರು. ಶೆಟ್ಟರ ಕೈ ಒಣಮೀನು ನಾರುತ್ತಿತ್ತು. ಆ ಕೈಯಲ್ಲಿ ರೇಷ್ಮೆ ಮುಟ್ಟುವ ಹಾಗಿರಲಿಲ್ಲ. ಸಂತೆ ಸಂತೆಗೂ ಇದೇ ಪಾಡಾಯಿತು. ಕೊನೆಗೆ ಅವರು ಹಲ್ಲು ಕಡಿದು, "ನನ್ನ ಮರ್ಯಾದೆ ತೆಗೆಯಬೇಕು ಅಂತ ಉಂಟಾ ನಿನಗೆ?" ಎಂದರು.

"ನಿಮ್ಮ ಮರ್ಯಾದೆ ನಿಮ್ಮ ಹತ್ತಿರವೇ ಉಂಟು. ಸತ್ತುಹೋದ ನನ್ನ ನಾದಿನಿಯ ಕಲ್ಲು ನಿಮ್ಮ ಗೋಡೆಯಲ್ಲಿ ಉಂಟು," ಎಂದಳು ಅಮ್ಮಣಿ. ಗಿರಾಕಿಗಳ ನಗು ನಿಂತಿತು.

ಮಳೆ ಹಿಡಿಯುವ ಮೊದಲೇ ಚಪ್ಪಡಿ ಗೋಡೆಯಿಂದ ಕಳಚಿ ಹಳೆಯ ಜಾಗಕ್ಕೆ ಬಂತು. ಕೂರಿಸುವಾಗ ಕಲ್ಲುಕುಟಿಗ, "ಅಕ್ಷರ ಅಡಿಗೆ ಬರಲಾ, ಮೇಲೆ ಬರಲಾ?" ಎಂದು ಕೇಳಿದ.

"ಮೇಲೆಯೇ ಇರಲಿ," ಎಂದರು ಶೆಟ್ಟರು. ಎಷ್ಟೆಂದರೂ ದಾನಿಗಳು!

ಅಮ್ಮಣಿ ಬದಿಗೆ ನಿಂತು, ಮಡಕೆಯ ಬುಟ್ಟಿಯನ್ನು ಆ ಚಿನ್ನದ ಅಕ್ಷರಗಳ ಮೇಲೆಯೇ ಜಾರಿಸಿದಳು. ಕುತ್ತಿಗೆ ಒರೆಸಿಕೊಂಡು ಶೆಟ್ಟರ ಕಡೆ ತಿರುಗಿದಳು.

"ಇರಲಿ ಶೆಟ್ರೇ. ನಿಮ್ಮ ಹೆಸರೂ ಸ್ವಲ್ಪ ಹೊರಲಿ."