ದ್ವಾದಶಿಯ ಸಕ್ಕರೆ

ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲಕ್ಕೆ ಅದು ನನ್ನದಾಗುತ್ತದೆ. ಇದು ವಿದ್ಯೆಯಲ್ಲ, ಚಟ. ಮುಳಬಾಗಿಲಿನ ಕ್ಲಿನಿಕ್ಕೊಂದಕ್ಕೆ ಕಂಪ್ಯೂಟರ್ ಬಂದ ವರ್ಷ, ವಯಸ್ಸಾದವರ ಸಕ್ಕರೆಯ ಅಂಕಿಗಳನ್ನು ಅದರೊಳಗೆ ತುಂಬುವ ಕೆಲಸ ನನಗೆ ಸಿಕ್ಕಿತು. ಕೈ ಅಂಕಿ ತುಂಬುತ್ತಿದ್ದರೆ, ಕಿವಿ ಬೆಂಚಿನವರ ಕೆಮ್ಮು ಗೊಣಗಾಟಗಳನ್ನು ಕದಿಯುತ್ತಿತ್ತು.

ಮಧ್ಯಾಹ್ನ ಜನ ಕರಗಿದ ಮೇಲೆ, ಫ್ಯಾನಿನ ಜೋಗುಳದಲ್ಲಿ ಪರದೆ ನೋಡುತ್ತ ಕೂರುತ್ತಿದ್ದೆ. ಒಬ್ಬೊಬ್ಬರ ಅಂಕಿಗಳೂ ಗೆರೆಯಾಗಿ ಮೂಡುತ್ತಿದ್ದವು. ನಿವೃತ್ತ ಮೇಷ್ಟ್ರದು ನಮ್ಮೂರ ಬಂಡೆಗುಡ್ಡಗಳ ಸಾಲು. ಏರಿದಲ್ಲೆಲ್ಲ ಯಾರದೋ ಮದುವೆಯೂಟ. ಶ್ರೀನಿವಾಸಪುರದ ಅಜ್ಜಿಯದು ಬೇಸಿಗೆಯಲ್ಲಿ ಮಾತ್ರ ಎದ್ದು ನಿಲ್ಲುತ್ತಿತ್ತು. ಅವರ ಮನೆ ಇರುವುದೇ ಮಾವಿನ ತೋಪಿನಲ್ಲಿ. ಊರಿನ ಅರ್ಧ ಮನೆಗಳಿಗೆ ಪುರೋಹಿತರಾದ ನಮ್ಮ ತಾತನದು ಮಾತ್ರ ಗಾಳಿಯಿಲ್ಲದ ದಿನದ ಕೆರೆ. ಅದನ್ನು ಕಂಡು ನನಗೆ, ನಾನೇ ಹೂಳೆತ್ತಿದಷ್ಟು ಹೆಮ್ಮೆ.

ಅಷ್ಟರಲ್ಲಿ ತಾತನ ಹೆಬ್ಬೆರಳನ್ನು ಚಪ್ಪಲಿ ಕಚ್ಚಿತು. ಎರಡು ತಿಂಗಳಾದರೂ ಗಾಯ ಒಣಗಲಿಲ್ಲ. ಡಾಕ್ಟರಮ್ಮ ಕಾಲು ನೋಡಿದರು, ಪರದೆ ನೋಡಿದರು.

"ಶುಗರ್ ಇಷ್ಟು ಚೆನ್ನಾಗಿದೆ, ಗಾಯ ಯಾಕೆ ಮಾಯ್ತಿಲ್ಲ ಸ್ವಾಮಿ? ಹೀಗೇ ಆದ್ರೆ ಬೆರಳು ಉಳಿಯೋದು ಕಷ್ಟ."

ತಾತ ಜಪಕ್ಕೆ ಕೂತವರಂತೆ ಕಣ್ಣು ಮುಚ್ಚಿಕೊಂಡರು.

ಅಂದು ಮಧ್ಯಾಹ್ನ ಪರದೆಯ ಆ ಕೆರೆಯ ಮುಂದೆ ತೂಕಡಿಸುತ್ತಿದ್ದವನ ಕಣ್ಣು ಅಂಕಿಗಳಿಂದ ಜಾರಿ ತಾರೀಕುಗಳ ಮೇಲೆ ಬಿತ್ತು; ಅಲ್ಲಿಂದ ಗೋಡೆಯ ಕ್ಯಾಲೆಂಡರಿನ ತಿಥಿಗಳಿಗೆ. ತಾತ ರಕ್ತ ಕೊಟ್ಟ ದಿನಗಳೆಲ್ಲವೂ ದ್ವಾದಶಿ. ಏಕಾದಶಿಯಿಡೀ ಉಪವಾಸವಿದ್ದು, ಮರುದಿನ ಪಾರಣೆಗೆ ಮೊದಲೇ ನೇರ ಕ್ಲಿನಿಕ್ಕಿಗೆ. ತಿಂಗಳ ಉಳಿದ ದಿನಗಳ ಹೋಳಿಗೆ ಪಾಯಸಗಳಿಗೆ ನನ್ನ ಕಂಪ್ಯೂಟರಿನಲ್ಲಿ ಎಲೆಯನ್ನೇ ಹಾಕಿರಲಿಲ್ಲ. ಊರನ್ನೆಲ್ಲ ಅಣಕಿಸುವ ನನಗೆ, ತಿಂಗಳಿಗೊಮ್ಮೆ ತಾತ ಆರೋಗ್ಯವಂತನೊಬ್ಬನನ್ನು ಅಣಕಿಸುತ್ತಿದ್ದುದು ತಿಳಿದಿರಲಿಲ್ಲ. ನನಗಿಂತ ದೊಡ್ಡ ಕಲಾವಿದರು.

ಮನೆಗೆ ಹೋಗಿ ಕೇಳಿಯೇಬಿಟ್ಟೆ. ತಾತ ಬೆದರಲಿಲ್ಲ.

"ಏಮ್ರಾ, ಪರೀಕ್ಷೆಗೆ ಓದ್ಕೊಂಡು ಹೋಗೋದು ತಪ್ಪಾ? ನೀನು ಓದ್ದೇ ಹೋಗಿ ಏನಾದೆ ಅಂತ ಊರೇ ನೋಡ್ತಲ್ಲ."

"ಬೆರಳು ಹೋಗುತ್ತೆ ತಾತಾ."

ಯಾರ ದನಿಯನ್ನೂ ಎರವಲು ತರದೆ ಹೇಳಿದೆನೆಂದು ಕಾಣುತ್ತದೆ. ತಾತ ಬಾಗಿ, ಹೆಬ್ಬೆರಳಿನ ಬಟ್ಟೆ ಬಿಚ್ಚಿ ನೋಡಿಕೊಂಡರು.

ಮುಂದಿನ ವಾರ, ಗೃಹಪ್ರವೇಶವೊಂದರಲ್ಲಿ ಹೋಳಿಗೆ ಉಂಡ ಮರುದಿನ, ತಾವಾಗಿಯೇ ಬಂದು ತೋಳು ಚಾಚಿದರು. ಅಂಕಿ ಬೆಟ್ಟ ಹತ್ತಿತ್ತು. ಡಾಕ್ಟರಮ್ಮ ಬೈದು ಮಾತ್ರೆ ಬದಲಿಸಿದರು. ಗಾಯ ಅಂಚಿನಿಂದ ಒಳಕ್ಕೆ, ದಿನಕ್ಕೊಂದು ಎಳೆಯಂತೆ ಕೂಡತೊಡಗಿತು.

ಈಗ ತಾತ ಯಾವ ತಿಥಿಗೆ ಬರುತ್ತಾರೋ ಹೇಳುವಂತಿಲ್ಲ. ಮೊನ್ನೆ ಹತ್ತಿ ಒತ್ತಿಕೊಂಡು ತೋಳು ಮಡಿಸುತ್ತ, ಬೆಂಚಿನ ಮೇಲಿದ್ದ ಮೇಷ್ಟ್ರಿಗೆ ಹೇಳುತ್ತಿದ್ದರು: "ದೇವರ ಹತ್ರ ಮಡೀಲಿ ಹೋಗ್ಬೇಕು ಮೇಷ್ಟ್ರೇ. ಡಾಕ್ಟರ ಹತ್ರ ಮೈಲಿಗೇಲೇ ಹೋಗ್ಬೇಕು."