ಹರಿತ ನನ್ನದು, ಶಾಲು ಬೀಗರದು

ನಾನು ಹರಿತಗೊಳಿಸಿದ ಬಾಣದ ಅಲಗುಗಳಿಗಾಗಿ ನನ್ನ ಬೀಗರು ಶಾಲು ಹೊದಿಸಿಕೊಂಡರು. ಅವರು ಮೊಂಡು ಮಾಡಿದ ಒಂದೇ ಒಂದು ಅಲಗಿಗೆ ನಾನು ಹೊಣೆಯಾದೆ. ನನಗಾದ ಅನ್ಯಾಯ ಇಷ್ಟೇ. ಆದರೆ ಮುನ್ಸೀಫ್ ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ವೃತ್ತಿಜೀವನ ಕಳೆದವನು ನಾನು. ಹಿನ್ನೆಲೆಯಿಲ್ಲದ ದೂರು ನಿಲ್ಲುವುದಿಲ್ಲ ಎಂಬುದನ್ನು ಬಲ್ಲೆ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಗಳು ಮತ್ತು ಅಳಿಯ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಮನೆ ಕೊಂಡಿದ್ದರು. ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದಾಗಲೇ ಅಳಿಯನ ತಂದೆಯೂ ಬಂದಿಳಿದರು. ಊರಿನಲ್ಲಾದರೆ ಬೀಗರು ಬಂದರೆ ಒಬ್ಬಟ್ಟಿನ ಊಟ ಹಾಕಿ ಸಂಜೆಯ ಬಸ್ಸಿಗೆ ಹತ್ತಿಸುತ್ತೇವೆ. ವೀಸಾ ಎಂಬುದು ಆ ಅನುಕೂಲವನ್ನು ಕಿತ್ತುಕೊಂಡಿತ್ತು. ತಿಂಗಳುಗಟ್ಟಲೆ ಹೆಣ್ಣಿನ ತಂದೆಯೂ ಗಂಡಿನ ತಂದೆಯೂ ಒಂದೇ ಕಾಫಿ ಫಿಲ್ಟರಿನ ಮುಂದೆ ಸರದಿ ನಿಲ್ಲಬೇಕಾಯಿತು.

ಬೀಗರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ವಿಧುರರು. ಬೇರೆಯವರು ಸಿದ್ಧಪಡಿಸಿದ ಕಾಗದದ ಕೆಳಗೆ ಸಹಿ ಹಾಕುವುದು ಅವರ ವೃತ್ತಿಯಾಗಿತ್ತು. ನಿವೃತ್ತಿಯ ನಂತರವೂ ಆ ಅಭ್ಯಾಸ ಬಿಟ್ಟಿರಲಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ಬಂದ ಮೊದಲ ಬೆಳಗ್ಗೆಯೇ, ಕಿಟಕಿಯ ಬಳಿ ಬಿಸಿಲು ಬೀಳುವ ನನ್ನ ಕುರ್ಚಿಯಲ್ಲಿ ಕುಳಿತರು. ನಾನು ತುಟಿ ತೆರೆಯುವ ಮೊದಲೇ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು.

“ಹೆಣ್ಣು ಕೊಟ್ಟೋರು ನಾವು. ಒಂದು ಕುರ್ಚಿಗೋಸ್ಕರ ಬೀಗರ ಹತ್ರ ಏನೂ ಮಾತಾಡ್ಬೇಡಿ.”

ನಮ್ಮಲ್ಲಿ ಗಂಡಿನ ತಂದೆ ಆಡಿದ ಮಾತನ್ನು ಹೆಣ್ಣಿನ ತಂದೆ ನಾಲ್ಕು ಜನರ ಎದುರು ಅಲ್ಲಗಳೆಯುವುದಿಲ್ಲ. ಈ ಪದ್ಧತಿಯನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಿಲ್ಲ. ಆದರೂ ಇದರಷ್ಟು ಕಟ್ಟುನಿಟ್ಟಾಗಿ ಪಾಲನೆಯಾದ ಕಾನೂನನ್ನು ನಾನು ಕಂಡಿಲ್ಲ. ಮುಂದಿನ ಅನರ್ಥಗಳಿಗೆಲ್ಲ ಇದೇ ಮೂಲ.

ಪಕ್ಕದ ಮನೆಯವನು ಒಬ್ಬ ನಿವೃತ್ತ ಟ್ರ್ಯಾಮ್ ಚಾಲಕ, ಆ ನಾಡಿನವನೇ. ಬಿಲ್ಲು ಬಾಣ ಹಿಡಿದು ಬೆಟ್ಟಗಳಲ್ಲಿ ಕಡವೆ ಬೇಟೆಯಾಡುವುದು ಅವನ ಹವ್ಯಾಸ. ನಮ್ಮ ಬಂಡೀಪುರದ ಕಡವೆಯೇ ಬಹಳ ಹಿಂದೆ ಹಡಗಿನಲ್ಲಿ ಬಂದು, ಪಿಆರ್ ಎಂಬ ಕಾಯಂ ವಾಸದ ಪರವಾನಗಿಯೂ ಇಲ್ಲದೆ ನೆಲೆಯೂರಿ, ಈಗ ಬೇಕಾದುದಕ್ಕಿಂತ ಹೆಚ್ಚಾಗಿದೆಯೆಂದು ಅವನೇ ವಿವರಿಸಿದ. ಬಾಣದ ತುದಿಗೆ ತಿರುಗಿಸಿ ಕೂರಿಸುವ ತ್ರಿಕೋನಾಕಾರದ ಉಕ್ಕಿನ ಅಲಗುಗಳನ್ನು ಅವನು ಬೇಲಿಯಾಚೆ ಮಸೆಯುವುದನ್ನು ನಾನು ದಿನವೂ ನೋಡುತ್ತಿದ್ದೆ. ಹೆಬ್ಬೆರಳಿನ ಕೀಲು ಹಿಡಿದು ಅವನಿಗೆ ಅದು ಕಷ್ಟವಾಗುತ್ತಿತ್ತು. ಒಂದು ದಿನ ನಾನೇ ಕೈ ನೀಡಿದೆ. ಅವನು ಮಸೆಯುವ ವಿಧಾನ ತೋರಿಸಿ, ಸಾಣೆಕಲ್ಲು, ಅಲಗುಗಳ ಪೆಟ್ಟಿಗೆ ಮತ್ತು ಒಂದು ಗೈಡನ್ನು ಬೇಲಿಯ ಮೇಲಿನಿಂದ ದಾಟಿಸಿದ. ಗೈಡ್ ಎಂದರೆ ಅಂಗೈಯಗಲದ ಲೋಹದ ಹಿಡಿ. ಅದರ ಬಾಯಿಗೆ ಅಲಗನ್ನು ಸಿಕ್ಕಿಸಿ ತಿರುಪು ಬಿಗಿದರೆ, ಕೆಳಗಿನ ಪುಟ್ಟ ಗಾಲಿ ಕಲ್ಲಿನ ಮೇಲೆ ಉರುಳುತ್ತದೆ, ಅಲಗು ಪ್ರತಿ ಸಲವೂ ಒಂದೇ ಓರೆಯಲ್ಲಿ ಕಲ್ಲನ್ನು ಮುಟ್ಟುತ್ತದೆ.

ಗೈಡ್ ಇದ್ದರೆ ಹರಿತ ತಾನಾಗಿಯೇ ಬರುತ್ತದೆಂದು ತಿಳಿದವರು ಒಮ್ಮೆ ಕುಳಿತು ನೋಡಬೇಕು. ಅಲಗು ಒಂದೆಳೆ ವಾರೆಯಾಗಿ ಕುಳಿತರೂ ಕೆಲಸ ಕೆಟ್ಟಂತೆ. ಅಂಚಿಗೆ ಕಪ್ಪು ಮಾರ್ಕರ್ ಬಳಿದು, ಹಗುರಾಗಿ ಒಮ್ಮೆ ಎಳೆದು, ಮಸಿ ಎಲ್ಲಿ ಅಳಿಯಿತೆಂದು ನೋಡಬೇಕು. ಅಂಚಿನುದ್ದಕ್ಕೂ ಸಮನಾಗಿ ಅಳಿದರೆ ಮಾತ್ರ ಮುಂದುವರಿಯಬೇಕು. ಉಜ್ಜುತ್ತ ಹೋದಂತೆ ಆಚೆ ಮಗ್ಗುಲಲ್ಲಿ ಕಣ್ಣಿಗೆ ಕಾಣದ ಒಂದು ಮಡಿಕೆ ಏಳುತ್ತದೆ. ಬೆರಳಿಗೆ ಮಾತ್ರ ತಾಗುತ್ತದೆ. ಆಗ ಅಲಗನ್ನು ಮಗುಚಬೇಕು. ಕಡೆಗೆ ಚರ್ಮದ ಮೇಲೆ ಹಿಮ್ಮುಖವಾಗಿ ಎಳೆದು ಆ ಮಡಿಕೆಯನ್ನು ನಿವಾರಿಸಬೇಕು. ಚರ್ಮಕ್ಕೆಂದು ಅಳಿಯನ ಹಳೆಯ ಬೆಲ್ಟ್ ಬಳಸಿದೆ. ಅದು ಹಳೆಯದಲ್ಲ, ಇಂಟರ್‌ವ್ಯೂಗೆಂದು ಎತ್ತಿಟ್ಟದ್ದು ಎಂದು ಆತ ಮುಖ ಊದಿಸಿಕೊಂಡ. ಹಾಗಿದ್ದರೆ ಅದನ್ನು ಗ್ಯಾರೇಜಿನ ಮೊಳೆಗೆ ಏಕೆ ನೇತುಹಾಕಿದ್ದ ಎಂಬ ನನ್ನ ಪ್ರಶ್ನೆಗೆ ಇಂದಿಗೂ ಉತ್ತರ ಬಂದಿಲ್ಲ.

ನನ್ನ ಹೆಂಡತಿಯ ಆಕ್ಷೇಪ ಬೇರೆ ಬಗೆಯದು.

“ಏಕಾದಶಿ ಉಪವಾಸ ಮಾಡೋರು ಕಡವೆ ಕೊಲ್ಲೋ ಬಾಣ ಮಸೀತಾ ಕೂತಿದೀರಲ್ಲ, ನಾಚ್ಕೆ ಆಗಲ್ವಾ?”

“ಮೊಂಡು ಬಾಣ ತಗಲಿದ್ರೆ ಅದು ಒದ್ದಾಡಿ ಸಾಯತ್ತೆ ಕಣೆ. ಇದು ದಯೆ.”

“ನಿಮ್ಮ ದಯೆ ಗ್ಯಾರೇಜಲ್ಲೇ ಇರ್ಲಿ. ಸ್ನಾನ ಮಾಡ್ದೆ ಒಳಗೆ ಬರ್ಬೇಡಿ.”

ಅದು ನೀರಿಗೆ ನಿರ್ಬಂಧವಿದ್ದ ಕಾಲ. ಬಚ್ಚಲಿನ ಗೋಡೆಗೆ ಮಗಳು ಮರಳುಗಡಿಯಾರ ಅಂಟಿಸಿದ್ದಳು. ಮರಳು ಇಳಿದು ಮುಗಿಯುವುದರೊಳಗೆ ನಾನು ಕಡವೆಯ ಪಾಪವನ್ನೂ ಸೋಪನ್ನೂ ತೊಳೆದುಕೊಂಡು ಹೊರಬರಬೇಕಿತ್ತು. ಸಾಣೆಕಲ್ಲಿನ ಕಪ್ಪು ನೀರು ಕರಿಬೇವಿನ ಕುಂಡಕ್ಕೆ ಹೋಗುತ್ತಿತ್ತು. ಇಷ್ಟೆಲ್ಲವನ್ನೂ ನಾನು ಸಂತೋಷದಿಂದ ಸಹಿಸಿದೆ. ಆ ಪರದೇಶದಲ್ಲಿ ನನಗೆ ಕಾರು ಬಾರದು, ಟಿವಿಯಲ್ಲಿ ಆಡುವ ಇಂಗ್ಲಿಷ್ ಅರ್ಥವಾಗದು. ನಾನು ಮಾಡಬಲ್ಲ, ಇನ್ನೊಬ್ಬನಿಗೆ ಬೇಕಾದ ಕೆಲಸ ಅದೊಂದೇ. ಅದು ನನ್ನ ಕೈಕೆಲಸವೆಂದು ಬೇಲಿಯಾಚೆಯ ಮನುಷ್ಯನಿಗೆ ತಿಳಿದಿದ್ದರೆ ಸಾಕಿತ್ತು. ಬೇರೇನನ್ನೂ ನಾನು ಬಯಸಲಿಲ್ಲ.

ಅಲಗುಗಳನ್ನು ಹಿಂದಿರುಗಿಸುವ ಸಂಜೆ ನಾನು ಕೈ ತೊಳೆಯಲು ಹೋಗಿದ್ದೆ. ಬಂದು ನೋಡಿದರೆ ಪೆಟ್ಟಿಗೆ ಬೀಗರ ಕೈಯಲ್ಲಿದೆ, ಬೀಗರು ಬೇಲಿಯ ಬಳಿ ಇದ್ದಾರೆ. ಬೇಟೆಗಾರ ಒಂದು ಅಲಗನ್ನು ತನ್ನ ಮುಂಗೈ ಮೇಲೆ ಸವರಿದ. ಕೂದಲು ಸರ್ರನೆ ಉದುರಿತು. ಶಿಳ್ಳೆ ಹಾಕಿ, ನಾನು ಕೈ ನೀಡಿದ ಮಾತನ್ನೇ ಮರೆತವನಂತೆ, ಇದು ಯಾರ ಕೈಚಳಕವೆಂದು ಕೇಳಿದ. ಭಾರತದಲ್ಲಿ ಇದೆಲ್ಲ ನಮ್ಮ ಮನೆತನದ ವಿದ್ಯೆ ಎಂದು ಬೀಗರು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿ, ಚಾಚಿದ ಕೈಯನ್ನು ಕುಲುಕಿದರು. ಕಲ್ಲಿನ ಮಸಿ ಉಗುರಲ್ಲಿ ಇನ್ನೂ ಉಳಿದಿದ್ದ ನಾನು ಹಿಂದೆ ನಿಂತು ಮುಗುಳ್ನಕ್ಕೆ.

“ತಪ್ಪು ತಿಳ್ಕೋಬೇಡಿ ಬೀಗರೇ,” ಎಂದರು ಒಳಗೆ ಬಂದ ಮೇಲೆ. “ಇಬ್ರು ಅಂದ್ರೆ ಪಾಪ ಅವನಿಗೆ ಕನ್‌ಫ್ಯೂಸ್ ಆಗತ್ತೆ. ಯಾರಾದ್ರೂ ಒಬ್ರು ಫ್ರಂಟಲ್ಲಿ ಇರ್ಬೇಕು, ಬ್ಯಾಂಕಲ್ಲೂ ಹಂಗೇ. ಅಷ್ಟಕ್ಕೂ ಗೈಡ್ ತಾನೆ ಎಲ್ಲ ಮಾಡೋದು? ನೀವು ಸುಮ್ನೆ ಹಿಡ್ಕೊಂಡಿರ್ತೀರಿ.”

ಆ ‘ಸುಮ್ನೆ’ ಎಂಬ ಮಾತನ್ನು ನಾನು ಮರೆತಿಲ್ಲ.

ಬೇಟೆ ಫಲಿಸಿತು. ಬೇಟೆಗಾರ ಕೃತಜ್ಞತೆಯಿಂದ ಎರಡು ವಸ್ತು ತಂದ. ಕವಲೊಡೆದ ಒಂದು ಕೊಂಬನ್ನು ಬೀಗರು ಎರಡು ಕೈ ಚಾಚಿ ಸ್ವೀಕರಿಸಿ, ನಡುಮನೆಯ ಗೋಡೆಗೆ ಒರಗಿಸಿ, ಅದಕ್ಕೆ ತಮ್ಮ ಮಫ್ಲರ್ ನೇತುಹಾಕಿದರು. ಎರಡನೆಯದು ಕಾಗದದಲ್ಲಿ ಸುತ್ತಿದ ಕಡವೆಯ ಮಾಂಸ. ತಾವು ಶುದ್ಧ ಸಸ್ಯಾಹಾರಿಗಳೆಂದು ಬೀಗರು ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿ, “ಮೈ ಬೀಗರು ವಿಲ್ ಟೇಕ್” ಎಂದು ನನ್ನತ್ತ ತೋರಿಸಿದರು. ಅವರ ಮಾತನ್ನು ಅಲ್ಲಗಳೆಯುವಂತಿಲ್ಲ. ಜೀವಮಾನದಲ್ಲಿ ಮೊಟ್ಟೆಯನ್ನೂ ಮುಟ್ಟದ ನಾನು ಆ ತಣ್ಣನೆಯ ಪೊಟ್ಟಣವನ್ನು ತೋಳಿನಲ್ಲಿ ಎಳೆಮಗುವಿನಂತೆ ಹಿಡಿದು ‘ಥ್ಯಾಂಕ್ಯೂ’ ಎಂದೆ. ಅಳಿಯ ಅದನ್ನು ಆಫೀಸಿನ ಯಾರಿಗೋ ಕೊಡುವವರೆಗೆ ನನ್ನ ಹೆಂಡತಿ ಫ್ರಿಜ್ಜಿನಿಂದ ಹಾಲನ್ನೂ ತೆಗೆಯಲಿಲ್ಲ.

ನನ್ನ ಪರವಾಗಿ ಉಳಿದಿದ್ದ ಏಕೈಕ ಸಾಕ್ಷಿ ನನ್ನ ಎಡತೋಳು. ಹರಿತವನ್ನು ಪರೀಕ್ಷಿಸಿ ಪರೀಕ್ಷಿಸಿ ಅದು ಮಣಿಕಟ್ಟಿನಿಂದ ಮೊಣಕೈವರೆಗೆ ಬೋಳಾಗಿತ್ತು. ಬೀಗರ ತೋಳುಗಳಾದರೋ ದಟ್ಟವಾಗಿದ್ದವು. ಕಣ್ಣಿದ್ದವರಿಗೆ ಅಷ್ಟು ಸಾಕು. ಆದರೆ ಮಗಳು ಅದನ್ನೂ ಮುಚ್ಚಿಸಿದಳು.

“ಅಪ್ಪಾ, ಪ್ಲೀಸ್, ಫುಲ್ ಸ್ಲೀವ್ ಹಾಕ್ಕೊ. ಟೆಂಪಲಲ್ಲಿ ಒಬ್ರು ಆಂಟಿ ‘ಅಂಕಲ್‌ಗೆ ಸ್ಕಿನ್ ಪ್ರಾಬ್ಲಮ್ಮಾ?’ ಅಂತ ಕೇಳಿದ್ರು.”

ಬೀಗರ ಮಗಳು, ಎಂದರೆ ಅಳಿಯನ ಅಕ್ಕ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್. ತಂದೆ ಫೋನಿನಲ್ಲಿ ಹೇಳಿದ್ದನ್ನೆಲ್ಲ ಆಕೆ ನಂಬಿದಳು; ನಂಬಿ, ಅಲ್ಲಿನ ಕನ್ನಡಿಗ ಗೆಳೆಯರಿಗೆ ಹೇಳಿದಳು. ಅವರು ಆಯುಧಪೂಜೆಗೆ ಅಲ್ಲೇ ಹತ್ತಿರದ ಪ್ಯಾರಮಟ್ಟಾದಲ್ಲಿ ಒಂದು ಹಾಲ್ ಬುಕ್ ಮಾಡಿದ್ದರು. ಪೂಜೆಗೆ ಲ್ಯಾಪ್‌ಟಾಪ್, ಕಾರಿನ ಕೀ, ಮಿಕ್ಸಿಯ ಬ್ಲೇಡ್ ಇವು ಮಾತ್ರ ಇದ್ದವು. ನಿಜವಾದ ಆಯುಧ ಬಲ್ಲ ಹಿರಿಯರೊಬ್ಬರು ಸಿಕ್ಕರೆಂದು ಸನ್ಮಾನ ನಿಶ್ಚಯಿಸಿದರು. ಬೇಟೆಗಾರ ಸಂತೋಷದಿಂದ ಒಂದು ಅಲಗನ್ನೂ ಗೈಡನ್ನೂ ಕಲ್ಲನ್ನೂ ಎರವಲು ಕೊಟ್ಟ. ಕಾರಿನಲ್ಲಿ ಇಡೀ ದಿನದ ದಾರಿ. ಸಾಣೆಕಲ್ಲು ನನ್ನ ತೊಡೆಯ ಮೇಲಿತ್ತು, ಏಕೆಂದರೆ ಡಿಕ್ಕಿಯಲ್ಲಿ ಬೀಗರ ಪೇಟದ ಡಬ್ಬಿ ಇತ್ತು. ಸನ್ಮಾನಕ್ಕೆ ಪೇಟವನ್ನು ತಾವೇ ಒಯ್ದವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸನ್ಮಾನದ ಬೆಳಗ್ಗೆ ವೆಸ್ಟ್‌ಮೀಡ್‌ನ ಆ ಪುಟ್ಟ ಫ್ಲ್ಯಾಟಿನ ಬಚ್ಚಲಿನಲ್ಲಿ ಬೀಗರು ಬಹಳ ಹೊತ್ತು ಉಳಿದರು. ಹೊರಬಂದಾಗ ಎಡತೋಳಿಗೆ ಬ್ಯಾಂಡೇಜ್ ಪಟ್ಟಿ ಅಂಟಿತ್ತು. ಬಿಸಿನೀರು ಬಿತ್ತೆಂದರು. ಅವರ ನಂತರ ಒಳಹೋದ ನಾನು ಬೇಸಿನ್ ತುಂಬ ನರೆತ ಕೂದಲನ್ನೂ ಅಂಚಿನಲ್ಲಿ ರೇಜರನ್ನೂ ಕಂಡೆ. ಬ್ಯಾಂಕ್ ಮ್ಯಾನೇಜರೊಬ್ಬರು ಸಾಕ್ಷ್ಯವನ್ನು ಸೃಷ್ಟಿಸಿದ್ದರು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನಲ್ಲಿ ಬಿಟ್ಟು ಸಾಕ್ಷ್ಯವನ್ನು ತೊಳೆದುಹಾಕಿದಳು.

ಸಭೆಯ ಹಾಲ್‌ನಲ್ಲಿ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಪೇಟ ಎಲ್ಲವೂ ಕ್ರಮವಾಗಿ ನಡೆದವು. ಅಳಿಯ ಮತ್ತು ಮಗಳು ಮುಂದಿನ ಸಾಲಿನಲ್ಲಿ ನಮ್ಮ ಪಕ್ಕದಲ್ಲೇ ಕುಳಿತಿದ್ದರು. ಆಗ ನಿರೂಪಕ, “ಅಂಕಲ್, ಒಂದು ಸ್ಮಾಲ್ ಡೆಮೊ ಕೊಡ್ಬೇಕು, ನಮ್ಮ ಮಕ್ಳೂ ನೋಡ್ಲಿ” ಎಂದ. ಬೀಗರ ಮುಖ ಒಂದು ಗಳಿಗೆ ಕಳೆಗುಂದಿತು. ಆದರೆ ಮೈಕು ಮುಂದಿತ್ತು. ಅಲಗನ್ನು ಗೈಡಿನ ಬಾಯಿಗೆ ತುರುಕಿದರು, ತಿರುಪು ಬಿಗಿಯುವುದನ್ನು ಮರೆತರು. ಓರೆಯಾಗಿ ಮಲಗಬೇಕಿದ್ದ ಅಲಗು ನೆಟ್ಟಗೆ ನಿಂತಿತು. ಅಂಚೇ ಕಲ್ಲಿಗೆ ತಾಗಿತು.

“ಬೀಗರೇ, ಸ್ಕ್ರೂ…” ಎಂದೆ, ಕುಳಿತಲ್ಲಿಂದಲೇ, ಸಣ್ಣ ದನಿಯಲ್ಲಿ.

“ನಮ್ಮ ಬೀಗರಿಗೆ ಪಾಪ ಆತುರ,” ಎಂದರು ಮೈಕಿನಲ್ಲಿ. “ಅವರೂ ಕಲೀತಾ ಇದಾರೆ.”

ಸಭೆ ನಕ್ಕಿತು. ಬೀಗರು ಉಜ್ಜಿದರು. ಆ ಕರ್ಕಶ ಶಬ್ದ ಧ್ವನಿವರ್ಧಕದಲ್ಲಿ ಹರಡಿ ಮಕ್ಕಳು ಕಿವಿ ಮುಚ್ಚಿಕೊಂಡವು. ನನ್ನ ಒಂದು ವಾರದ ಹರಿತ ನನ್ನ ಕಣ್ಣೆದುರೇ ಚೂರುಚೂರಾಗಿ ಕಲ್ಲಿನ ಮೇಲೆ ಉದುರಿತು. ಆಮೇಲೆ ಅಂಗಿಯ ತೋಳು ಮಡಿಸಿ, ಶಾಲಿನ ಮರೆಯಲ್ಲಿ ಬ್ಯಾಂಡೇಜ್ ಪಟ್ಟಿ ಕಿತ್ತು, ಬೆಳಗ್ಗೆ ಬೋಳಿಸಿದ್ದ ಜಾಗದ ಮೇಲೆ ಆ ಮೊಂಡು ಅಲಗನ್ನು ಗಂಭೀರವಾಗಿ ಎಳೆದು, ಬೋಳು ತೋಳನ್ನು ಎತ್ತಿ ತೋರಿಸಿ “ನೋಡಿ!” ಎಂದರು. ಚಪ್ಪಾಳೆ ಬಿತ್ತು.

“ತಟ್ಟಿ,” ಎಂದು ಹೆಂಡತಿ ಮೊಣಕೈಯಿಂದ ತಿವಿದಳು. “ಎಲ್ರೂ ನೋಡ್ತಿದಾರೆ.”

ತಟ್ಟಿದೆ.

ಮೆಲ್ಬರ್ನಿಗೆ ಮರಳಿದ ದಿನ ಕಾರು ಇನ್ನೂ ನಿಂತಿರಲಿಲ್ಲ, ಬೇಟೆಗಾರ ಬೇಲಿಗೆ ಬಂದ. ಬೀಗರು ಪೇಟವನ್ನು ಕಂಕುಳಲ್ಲಿಟ್ಟುಕೊಂಡೇ ಅಲಗನ್ನು ಕೊಟ್ಟರು. ಅವನು ಅದನ್ನು ಉಗುರಿನ ಮೇಲಿಟ್ಟ, ಹರಿತವಿದ್ದರೆ ಕಚ್ಚಿ ನಿಲ್ಲಬೇಕು, ಅದು ಜಾರಿತು. ಬಿಸಿಲಿಗೆ ಹಿಡಿದ, ಅಂಚು ಗರಗಸದಂತೆ ಮಿನುಗಿತು.

“ವಾಟ್ ಹ್ಯಾಪನ್ಡ್ ಹಿಯರ್, ಮೇಟ್?”

“ದಟ್ ಒನ್,” ಎಂದರು ಬೀಗರು, ನನ್ನ ಭುಜದ ಮೇಲೆ ಕೈಯಿಟ್ಟು, “ಮೈ ಬೀಗರು ಡಿಡ್. ಹೀ ಈಸ್ ಲರ್ನಿಂಗ್.”

ಅಳಿಯನೂ ಮಗಳೂ ಕಾರಿನ ಡಿಕ್ಕಿ ತೆರೆದು ಚೀಲಗಳೊಳಗೆ ತಲೆ ತೂರಿಸಿ ನಿಂತಿದ್ದರು. ನಾನು ಅವರತ್ತ ನೋಡಿದೆ. ಬಹಳ ಹೊತ್ತು ನೋಡಿದೆ. ಬೇಟೆಗಾರ ಒಳ್ಳೆಯ ಮನುಷ್ಯ, ಗದರಲಿಲ್ಲ. “ನೋ ವರೀಸ್” ಎಂದು ಒಳಗೆ ಹೋಗಿ, ಹಿಡಿ ಸಡಿಲವಾದ ಒಂದು ಈರುಳ್ಳಿ ಚಾಕು ತಂದು, ಮೊದಲು ಇದರ ಮೇಲೆ ಅಭ್ಯಾಸ ಮಾಡೆಂದು ನನ್ನ ಕೈಗೆ ಕೊಟ್ಟ. ಅಲಗುಗಳನ್ನು ಇನ್ನು ಮುಂದೆ ನೀವೊಬ್ಬರೇ ಮುಟ್ಟಬೇಕೆಂದು ಬೀಗರನ್ನು ವಿನಂತಿಸಿದ.

ಮುಂದಿನ ವಾರ ಬೀಗರು ಪೆಟ್ಟಿಗೆಯನ್ನು ಶಾಲಿನಡಿ ಮುಚ್ಚಿಕೊಂಡು ಗ್ಯಾರೇಜಿಗೆ ಬಂದರು. “ಬೀಗರೇ, ಅವನು ಮತ್ತೆ ಬೆಟ್ಟಕ್ಕೆ ಹೊರಟಿದಾನೆ. ನೀವು ಮಾಡಿದ್ದು ಅಂತ ಗೊತ್ತಾಗೋದು ಬೇಡ, ಬೇಜಾರ್ ಮಾಡ್ಕೋತಾನೆ.” ನಾನು ಈರುಳ್ಳಿ ಚಾಕು ಮಸೆಯುತ್ತ ಕುಳಿತೆ. ಸ್ವಲ್ಪ ಹೊತ್ತಿನಲ್ಲೇ ಮಗಳು ಬಂದಳು: “ಅಪ್ಪಾ, ಮಾವ ಊಟನೇ ಮಾಡ್ಲಿಲ್ಲ. ಪ್ಲೀಸ್, ಇದೊಂದ್ಸಲ ಮಾಡ್ಕೊಡು.” ಮಾಡಿಕೊಟ್ಟೆ. ಆ ಸಲವೂ, ಅದರ ನಂತರದ ಎಲ್ಲ ಸಲವೂ, ಗ್ಯಾರೇಜಿನ ಬಾಗಿಲು ಹಾಕಿಕೊಂಡು, ನಿಷೇಧಿತ ವಸ್ತು ತಯಾರಿಸುವವನಂತೆ. ನಾನು ಆ ದೇಶ ಬಿಡುವ ದಿನ ಬೇಟೆಗಾರ ಬೀಗರನ್ನು ಅಪ್ಪಿಕೊಂಡ. ನನಗೆ, ಚಾಕು ಹೇಗಾಯಿತೆಂದು ಕೇಳಿದ.

ಬೀಗರನ್ನು ನಾನು ಪ್ರಶ್ನಿಸುವುದಿಲ್ಲ. ಹೆಣ್ಣಿನ ತಂದೆಗೆ ಆ ಹಕ್ಕಿಲ್ಲ. ಆದರೆ ಮಗಳೇ, ಅಳಿಯಂದಿರೇ, ನಿಮ್ಮನ್ನು ಯಾವ ಪದ್ಧತಿಯೂ ಕಟ್ಟಿಹಾಕಿರಲಿಲ್ಲ. ಪ್ಯಾರಮಟ್ಟಾದ ಮುಂದಿನ ಸಾಲಿನಲ್ಲಿ ಕುಳಿತು ಆ ಅಲಗು ಯಾರ ಕೈಯಲ್ಲಿ ಕೆಟ್ಟಿತೆಂದು ಕಣ್ಣಾರೆ ಕಂಡಿದ್ದ ನೀವಿಬ್ಬರೂ, ನನ್ನ ಕೈಗೆ ಈರುಳ್ಳಿ ಚಾಕು ಬರುವವರೆಗೂ ಆ ಚೀಲಗಳೊಳಗೆ ಅಷ್ಟು ಹೊತ್ತು ಏನನ್ನು ಹುಡುಕುತ್ತಿದ್ದಿರಿ?